ಮನುಷ್ಯರೋ ಅಲ್ಲವೋ ಎಂದು ತೀರ್ಮಾನಿಸಲು ಇವರು ಯಾರು?

1550ರಲ್ಲಿ ಸ್ಪೇನ್‌ನ ವಯಾದೊಲಿದ್ ನಗರದಲ್ಲಿ ಧರ್ಮಪಂಡಿತರೂ ಕಾನೂನು ತಜ್ಞರೂ ಸಭೆ ಸೇರಿದರು. ಅಮೆರಿಕದ ಮೂಲನಿವಾಸಿಗಳನ್ನು ಯುದ್ಧದಿಂದ ಮಣಿಸಿ ಆಳುವುದು ನ್ಯಾಯವೇ ಎಂಬುದು ಚರ್ಚೆಯ ವಿಷಯ. ಕೆಲವರು ಹುಟ್ಟಿನಿಂದಲೇ ದಾಸರೆಂಬ ಅರಿಸ್ಟಾಟಲ್‌ನ ವಾದವನ್ನು ಸೆಪುಲ್ವೆದಾ ಮುಂದಿಟ್ಟ. ಆತ ಅಮೆರಿಕದ ನೆಲವನ್ನೇ ತುಳಿದವನಲ್ಲ. ಅಲ್ಲಿ ದಶಕಗಳ ಕಾಲ ಬಾಳಿದ್ದ ಪಾದ್ರಿ ಲಾಸ್ ಕಾಸಾಸ್ ಅದನ್ನು ವಿರೋಧಿಸಿ, ಅವರೂ ವಿವೇಕವುಳ್ಳ ಮನುಷ್ಯರೆಂದು ವಾದಿಸಿದ.

ಈ ಚರ್ಚೆಯನ್ನು ಯುರೋಪಿನ ಆತ್ಮಸಾಕ್ಷಿಯ ಹೆಗ್ಗಳಿಕೆ ಎಂದು ಕೊಂಡಾಡುವವರಿದ್ದಾರೆ. ಚರ್ಚೆ ಮುಗಿಯುವ ತನಕ ದೊರೆ ಐದನೆಯ ಚಾರ್ಲ್ಸ್ ಹೊಸ ದಂಡಯಾತ್ರೆಗಳನ್ನು ತಡೆಹಿಡಿದದ್ದೂ ನಿಜವೇ. ಆದರೂ ಈ ಹೊಗಳಿಕೆಯನ್ನು ನಾವು ಒಪ್ಪಲಾರೆವು. ಯಾರ ಬದುಕಿನ ಬಗ್ಗೆ ವಾದ ನಡೆಯಿತೋ ಅವರ ಪರವಾಗಿ ಮಾತಾಡಲು ಅವರಲ್ಲಿ ಒಬ್ಬನನ್ನೂ ಕರೆಯಲಿಲ್ಲ. ಪಂಡಿತರು ಗ್ರಂಥ ತಿರುವುತ್ತಿದ್ದಾಗ ಪೊಟೊಸಿಯ ಬೆಳ್ಳಿ ಗಣಿಗಳಲ್ಲಿ ಅದೇ ಜನರ ಬೆವರು ಹರಿಯುತ್ತಲೇ ಇತ್ತು.

ಅದು ಅಜ್ಞಾನದ ಕಾಲ, ಅವರಿಗೆ ತಿಳಿದಿರಲಿಲ್ಲ ಎನ್ನುವ ಸಮಜಾಯಿಷಿಯೂ ಇದೆ. ತಿಳಿದಿರಲಿಲ್ಲವೇ? 1511ರಲ್ಲೇ ಹಿಸ್ಪಾನಿಯೋಲಾ ದ್ವೀಪದಲ್ಲಿ ಪಾದ್ರಿ ಮೊಂತೆಸಿನೋಸ್, ಇವರು ಮನುಷ್ಯರಲ್ಲವೇ ಎಂದು ವಸಾಹತುಗಾರರನ್ನು ಮುಖಕ್ಕೆ ಹೊಡೆದಂತೆ ಕೇಳಿದ್ದ. 1537ರಲ್ಲಿ ಪೋಪ್ ಮೂರನೆಯ ಪೌಲ್, ಇವರ ಸ್ವಾತಂತ್ರ್ಯವನ್ನಾಗಲಿ ಸೊತ್ತನ್ನಾಗಲಿ ಕಸಿಯಕೂಡದೆಂದು ಸಾರಿದ್ದ. 1542ರಲ್ಲಿ ದೊರೆಯೇ ಹೊಸ ಕಾನೂನು ತಂದು, ಮೂಲನಿವಾಸಿಗಳನ್ನು ಗುಲಾಮರನ್ನಾಗಿಸುವುದನ್ನು ನಿಷೇಧಿಸಿದ. ಅವರ ದುಡಿಮೆಯ ಮೇಲಿನ ಹಕ್ಕು ಒಡೆಯನಿಂದ ಮಗನಿಗೆ ಹೋಗದಂತೆಯೂ ತಡೆದ. ಪೆರುವಿನ ಒಡೆಯರು ದಂಗೆಯೆದ್ದರು. 1545ರಲ್ಲಿ ದೊರೆ ಆ ಕಲಮನ್ನು ಹಿಂತೆಗೆದುಕೊಂಡ. ಸತ್ಯ ಎಲ್ಲರಿಗೂ ಗೊತ್ತಿತ್ತು. ಅದನ್ನು ಒಪ್ಪಿದರೆ ಲಾಭ ಕೈತಪ್ಪುತ್ತಿತ್ತು, ಅಷ್ಟೆ.

ಲಾಸ್ ಕಾಸಾಸ್‌ನನ್ನು ನಾವು ಗೌರವಿಸುತ್ತೇವೆ. ಆದರೆ ಮೂಲನಿವಾಸಿಗಳ ಹೊರೆ ಇಳಿಸಲು ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು ಒಮ್ಮೆ ಸೂಚಿಸಿದವನೂ ಅವನೇ. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟ. ಒಂದು ಜನಾಂಗವನ್ನು ಉಳಿಸಲು ಇನ್ನೊಂದನ್ನು ಬಲಿಕೊಡುವ ಕರುಣೆಗೆ ನ್ಯಾಯವೆಂದು ಹೆಸರಿಡಲಾಗದು.

1551ರಲ್ಲಿ ಸಭೆ ಚದುರಿತು. ತೀರ್ಪು ಹೊರಬರಲೇ ಇಲ್ಲ. ಹೊಸ ನೆಲವನ್ನು ಕಂಡ ಕ್ರೈಸ್ತ ದೊರೆಗಳಿಗೆ ಅದರ ಮೇಲೆ ಹಕ್ಕಿದೆಯೆಂಬ ಸಿದ್ಧಾಂತವನ್ನು ವ್ಯಾಟಿಕನ್ ಬಹಿರಂಗವಾಗಿ ತಳ್ಳಿಹಾಕಿದ್ದು 2023ರಲ್ಲಿ. ಅಷ್ಟರಲ್ಲಿ ನೆಲವೂ ಹೋಗಿತ್ತು, ಎಷ್ಟೋ ಬುಡಕಟ್ಟುಗಳೂ ಅಳಿದಿದ್ದವು.

ಆದ್ದರಿಂದ ಯಾವುದೇ ಜನರ ಮನುಷ್ಯತ್ವದ ಬಗ್ಗೆ 'ಎರಡೂ ಕಡೆಯ ವಾದ ಕೇಳೋಣ' ಎಂದು ಯಾರಾದರೂ ಹೇಳಿದಾಗ ಅದನ್ನು ಔದಾರ್ಯವೆಂದು ನಾವು ಭ್ರಮಿಸಬಾರದು. ಮನುಷ್ಯತ್ವ ವಾದದಲ್ಲಿ ಗೆದ್ದು ಪಡೆಯುವ ಬಹುಮಾನವಲ್ಲ. ಆ ಪ್ರಶ್ನೆಯನ್ನು ಚರ್ಚೆಗಿಟ್ಟ ದಿನವೇ ಅನ್ಯಾಯ ಅರ್ಧ ಗೆದ್ದಿರುತ್ತದೆ.