ರಜೆಗೆ ಹೋದಾಗ ಹೊಸ ಕೇಸು?

ಊರಿನ ಜಮೀನಿನ ದಾವೆಯ ಸಮನ್ಸ್ ಬಂದರೆ ನಮ್ಮಲ್ಲಿ ಅನೇಕರು, “ಈಗ ಏನಾದರೂ ಆಗಲಿ, ರಜೆಗೆ ಹೋದಾಗ ಹೊಸ ಕೇಸು ಹಾಕೋಣ” ಎಂದುಕೊಳ್ಳುತ್ತೇವೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ. ಅದೇ ಪಕ್ಷಗಾರರ ನಡುವೆ ಅದೇ ವಿಷಯವನ್ನು ಅಧಿಕಾರವುಳ್ಳ ನ್ಯಾಯಾಲಯ ಅಂತಿಮವಾಗಿ ತೀರ್ಮಾನಿಸಿದ್ದರೆ ಮತ್ತೆ ವಿಚಾರಣೆಯಿಲ್ಲ. ಆಗಲೇ ಹೇಳಬಹುದಾಗಿದ್ದ, ಹೇಳಬೇಕಾಗಿದ್ದ ವಾದವನ್ನೂ ಆಮೇಲೆ ಎತ್ತುವಂತಿಲ್ಲ. ವಕೀಲರನ್ನು ಬದಲಿಸಿದರೂ ಅಷ್ಟೇ. ಬ್ರ್ಯಾಂಡ್ ಬೇರೆಯಾದರೂ ಮಾತ್ರೆಯೊಳಗಿನ ಔಷಧ ಒಂದೇ ಎಂದು ನಾವು ಫಾರ್ಮಸಿಯವರು ದಿನಾ ಹೇಳುವುದಿಲ್ಲವೇ?

ಆದ್ದರಿಂದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಜಿಪಿಎ ಕಳಿಸಿ, ಈಗಲೇ ಉತ್ತರ ಕೊಡಿಸೋಣ. ಸಮನ್ಸ್ ತಲುಪಿಯೂ ಗೈರಾಗಿ ಡಿಕ್ರಿಯಾದರೆ ರದ್ದತಿಗೆ ಅರ್ಜಿ ಹಾಕಲು ಇರುವುದು 30 ದಿನ. ನಮ್ಮ ರಜೆಯೋ ಎರಡು ವರ್ಷಕ್ಕೊಮ್ಮೆ.