ಸಾಲದ ವಸೂಲಿಯೂ ಮನೆಯ ಹೊಸ್ತಿಲೂ

ಸಾಲ ಪಡೆದವನು ಸಾಲವನ್ನು ತೀರಿಸತಕ್ಕದ್ದು. ಇದರಲ್ಲಿ ಎರಡು ಮಾತಿಲ್ಲ. ಋಣವನ್ನು ಮುಳುಗಿಸಿ ತಲೆಯೆತ್ತಿ ತಿರುಗುವುದನ್ನು ನಾವು ಎಂದೂ ಎತ್ತಿಹಿಡಿದವರಲ್ಲ. ಆದರೆ ಕೊಟ್ಟ ಹಣವನ್ನು ಕೇಳುವ ಹಕ್ಕು ಬೇರೆ. ಪರರ ಹೊಸ್ತಿಲ ಮೇಲೆ ಕತ್ತಲಾಗುವವರೆಗೆ ಕುಳಿತು, ಓಣಿಯ ಜನವೆಲ್ಲ ಕೇಳುವಂತೆ ಮನೆಯ ಹೆಣ್ಣುಮಕ್ಕಳನ್ನು ನಾಲಗೆಗೆ ಬಂದಂತೆ ಬೈಯುವುದು ಬೇರೆ. ಮೊದಲನೆಯದಕ್ಕೆ ಕಾಯಿದೆಯ ಆಧಾರವುಂಟು. ಎರಡನೆಯದನ್ನು ಮಾಡುವ ಅಧಿಕಾರವನ್ನು ಯಾವ ಕಾಯಿದೆಯೂ ಯಾವ ವಸೂಲಿಗಾರನಿಗೂ ಕೊಟ್ಟಿಲ್ಲ.

ಶಿರಹಟ್ಟಿ ತಾಲೂಕಿನ ಮಾಗಡಿಯನ್ನು ಹೊರಗಿನವರು ಅದರ ಕೆರೆಯಿಂದ ಬಲ್ಲರು. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲಕ್ಕೆ ಅಲ್ಲಿ ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಹಕ್ಕಿ ಬರುವುದಕ್ಕೊಂದು ಋತುವಿದ್ದಂತೆ ಆ ಸೀಮೆಯ ಒಕ್ಕಲಿನ ಕೈಗೆ ದುಡ್ಡು ಬರುವುದಕ್ಕೂ ಒಂದು ಋತುವಿದೆ. ಶೇಂಗಾ ಕಿತ್ತಾಗ, ಹತ್ತಿ ಬಿಡಿಸಿದಾಗ, ಮೆಣಸಿನಕಾಯಿ ಪೇಟೆ ಸೇರಿದಾಗ ನಾಲ್ಕು ಕಾಸು ಕಾಣುವುದು. ಆದರೆ ಕಿರುಸಾಲದ ಕಂತಿಗೆ ಸುಗ್ಗಿಯೂ ಇಲ್ಲ, ಬರಗಾಲವೂ ಇಲ್ಲ. ಅದು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತಪ್ಪದೆ ಬಾಗಿಲಿಗೆ ಬರುತ್ತದೆ. ಮಳೆ ಹೋದ ವರ್ಷ ಒಂದು ಕಂಪನಿಯ ಕಂತಿಗಾಗಿ ಇನ್ನೊಂದರಲ್ಲಿ ಸಾಲ, ಅದರ ಕಂತಿಗಾಗಿ ಊರ ಬಡ್ಡಿಯವನಲ್ಲಿ ಕೈಸಾಲ. ಹಳೆಯ ಸಾವುಕಾರನನ್ನು ಹೊಗಳುವ ಮನಸ್ಸು ನಮಗಿಲ್ಲ. ಆದರೂ ಅವನು ರಾಶಿಯಾಗುವ ತನಕವಾದರೂ ಕಾಯುತ್ತಿದ್ದನೆಂಬುದನ್ನು ಹೇಳಲೇಬೇಕಾಗಿದೆ.

ಈ ಸಾಲಗಳು ಬಹುತೇಕ ಹೆಂಗಸರ ಗುಂಪುಗಳಿಗೆ ಕೊಡಲ್ಪಡುತ್ತವೆ. ಅಡವಿಲ್ಲ, ಜಾಮೀನು ಪತ್ರವಿಲ್ಲ. ಒಬ್ಬಳಿಗೆ ಉಳಿದವರೇ ಜಾಮೀನು. ಕೇಳುವುದಕ್ಕೆ ಇದು ಚೆಂದವೇ. ಆದರೆ ಒಬ್ಬಳ ಕಂತು ತಪ್ಪಿದಾಗ ಏನಾಗುತ್ತದೆಂಬುದನ್ನು ನಮ್ಮ ವಾಚಕರು ಯಾವ ಹಳ್ಳಿಯಲ್ಲಿ ಬೇಕಾದರೂ ವಿಚಾರಿಸಿ ನೋಡಲಿ. ವಸೂಲಿಗೆ ಬಂದವನು ಉಳಿದ ಹೆಂಗಸರನ್ನು ಏಳಗೊಡಿಸುವುದಿಲ್ಲ. ಅವರನ್ನೇ ಕರೆದುಕೊಂಡು ಹೋಗಿ ತಪ್ಪಿದವಳ ಅಂಗಳದಲ್ಲಿ ಕೂಡಿಸುತ್ತಾನೆ. ನಿನ್ನೆ ಕಡಗಡ ಹಿಟ್ಟು ಕೊಟ್ಟ ನೆರೆಯವಳು ಇಂದು ಬೈಯಲು ನಿಲ್ಲುತ್ತಾಳೆ. ಕಂಪನಿಗೆ ಕಾಸಿನ ಖರ್ಚಿಲ್ಲದೆ ಓಣಿಯೇ ವಸೂಲಿಗಾರನಾಗುತ್ತದೆ. ಇಲ್ಲಿ ವಸೂಲಾಗುವುದು ಹಣಕ್ಕಿಂತ ಮೊದಲು ಮಾನ. ಮಾನಕ್ಕೆ ಅಂಜಿ ಊರು ಬಿಟ್ಟವರೂ ಉಂಟು, ಜೀವ ಬಿಟ್ಟವರೂ ಉಂಟು. 2025ರ ಆರಂಭದಲ್ಲಿ ನೆರೆಯ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯವನ್ನೇ ಅಂಚೆಯ ಮೂಲಕ ಸರಕಾರಕ್ಕೆ ಕಳುಹಿಸಿ ಮೊರೆಯಿಟ್ಟದ್ದು ಸುಮ್ಮನೆ ಅಲ್ಲ.

ಈಗ ಕಾಯಿದೆಯ ಮಾತು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯನ್ನು ನೋಡಿರಿ. ಅದು ಪರಕೀಯರ ಆಳಿಕೆಯಲ್ಲಿ ಆದದ್ದು. ಆದರೂ ನ್ಯಾಯಾಲಯದಲ್ಲಿ ದಾವೆ ಹೂಡಿ, ಗೆದ್ದು, ಡಿಕ್ರಿಯನ್ನು ಕೈಯಲ್ಲಿ ಹಿಡಿದು ಬಂದ ಸಾಲಿಗನು ಕೂಡ ಸಾಲಗಾರನ ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ ಹೊದಿಕೆಗಳನ್ನು ಜಪ್ತಿ ಮಾಡಲಾರನೆಂದು ಅದರ 60ನೆಯ ಕಲಮು ಹೇಳುತ್ತದೆ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣವನ್ನು ಮುಟ್ಟುವಂತಿಲ್ಲ. ಒಕ್ಕಲಿಗನ ಬದುಕಿಗೆ ಬೇಕಾದ ಎತ್ತು, ನೇಗಿಲು, ಬೀಜದ ಕಾಳುಗಳಿಗೂ ಅದೇ ರಕ್ಷಣೆ. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸತಕ್ಕದ್ದಲ್ಲವೆಂದು 56ನೆಯ ಕಲಮು ಸ್ಪಷ್ಟಪಡಿಸಿದೆ. ನ್ಯಾಯಾಧೀಶರ ಮುದ್ರೆಯುಳ್ಳ ಹುಕುಮಿಗೇ ಇಲ್ಲದ ಅಧಿಕಾರವು, ಮೋಟರ್ ಸೈಕಲ್ಲಿನ ಮೇಲೆ ಚೀಲ ಹಾಕಿಕೊಂಡು ಬಂದ ಹುಡುಗನಿಗೆ ಎಲ್ಲಿಂದ ಬಂದಿತು?

ರಿಜರ್ವ್ ಬ್ಯಾಂಕು 2022ರ ಎಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳೂ ಅಷ್ಟೇ ಸ್ಪಷ್ಟವಾಗಿವೆ. ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗಿನ ವರಮಾನದ ಕುಟುಂಬಕ್ಕೆ ಕೊಡುವ ಅಡವಿಲ್ಲದ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತೂ ಕೂಡಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡಬಾರದು. ಬೈಗುಳ, ಬೆದರಿಕೆ ಕೂಡದು, ಬಂಧುಗಳನ್ನು ಪೀಡಿಸಕೂಡದು, ಸಾಲಗಾರರ ಹೆಸರನ್ನು ಸಾರಿ ಪ್ರಕಟಿಸಕೂಡದು. ಗೊತ್ತುಮಾಡಿದ ಸ್ಥಳಕ್ಕೆ ಸಾಲಗಾರನು ಎರಡು ಸಲ ಒಂದೇ ಸವನೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅರ್ಧದ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದರೆ ಒಂದೇ ಮನೆಯ ಮೇಲೆ ನಾಲ್ಕಾರು ಕಂಪನಿಗಳ ಸಾಲ ಕೂಡಿದ್ದು ಹೇಗೆಂದು ನಾವು ಕೇಳುತ್ತೇವೆ.

ಇಷ್ಟು ಸಾಲದೆಂದು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆ ಹೊರಡಿಸಿತು. ಮಾರ್ಚಿನಲ್ಲಿ ವಿಧಾನಸಭೆಯು ಮಸೂದೆಯನ್ನು ಅಂಗೀಕರಿಸಿತು. ಬಲಾತ್ಕಾರದ ವಸೂಲಿಗೆ 10 ವರ್ಷಗಳ ವರೆಗೆ ಕಾರಾಗೃಹ, 5 ಲಕ್ಷ ರೂಪಾಯಿಗಳ ವರೆಗೆ ದಂಡ. ನೋಂದಣಿಯಿಲ್ಲದ ಲೇವಾದೇವಿಗಾರನು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವು ಬಡ್ಡಿಸಹಿತ ತೀರಿದಂತೆಯೇ ಸರಿ. ನೋಂದಾಯಿತ ಕಂಪನಿಯ ಸಾಲವಾದರೋ ಹಾಗೆಯೇ ನಿಲ್ಲುತ್ತದೆ; ಸಾಲವೆಲ್ಲ ಮಾಫಿಯಾಯಿತೆಂದು ಹಬ್ಬಿಸುವವರ ಮಾತಿಗೆ ಜನರು ಮರುಳಾಗಬಾರದು. ರಾಜ್ಯಪಾಲರು ಶಿಕ್ಷೆಯು ಅತಿಯಾಯಿತೆಂದು ಮೊದಲೊಮ್ಮೆ ಅದನ್ನು ಹಿಂದಿರುಗಿಸಿದ್ದರು. ಆ ಚರ್ಚೆಯಲ್ಲಿ ನಮಗೆ ಹೆಚ್ಚಿನ ಆಸ್ಥೆಯಿಲ್ಲ. ಹಾಳೆಯ ಮೇಲಿನ ಹತ್ತು ವರ್ಷಗಳ ಶಿಕ್ಷೆಗಿಂತ, ಅಳುತ್ತ ಬಂದ ಹೆಂಗಸಿನ ಫಿರ್ಯಾದಿಯನ್ನು ಅದೇ ಸಂಜೆ ಬರೆದುಕೊಳ್ಳುವ ಒಬ್ಬ ಫೌಜದಾರನು ಮೇಲು. “ಇದು ಕೊಡುಕೊಳ್ಳುವ ವ್ಯವಹಾರ, ಕೋರ್ಟಿಗೆ ಹೋಗಿರಿ” ಎಂದು ತಿರುಗಿಸಿ ಕಳಿಸುವ ವಾಡಿಕೆ ಇನ್ನು ನಡೆಯದು. ಪೋಲೀಸ್ ಅಧಿಕಾರಿಯು ಪ್ರಕರಣ ದಾಖಲಿಸಲು ನಿರಾಕರಿಸಬಾರದೆಂದು ಆ ಕಾಯಿದೆಯೇ ವಿಧಿಸಿದೆ. ಮನಸ್ಸು ಮಾಡಿದರೆ ಇಲಾಖೆಗೆ ಏನು ಸಾಧ್ಯವೆಂಬುದನ್ನು ಅದೇ ಫೆಬ್ರುವರಿಯಲ್ಲಿ ಗದಗ-ಬೆಟಗೇರಿಯ ಬಡ್ಡಿ ವ್ಯವಹಾರಸ್ಥರ ಮೇಲಿನ ದಾಳಿಗಳು ತೋರಿಸಿವೆ.

ಸಾಲಗಾರರಿಗೂ ಒಂದು ಮಾತು. ಬಂದವನ ಗುರುತುಚೀಟಿಯನ್ನು ಕೇಳಿರಿ. ಪಾವತಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಖಾಲಿ ಚೆಕ್ಕಿಗೂ ಖಾಲಿ ಬಾಂಡ್ ಕಾಗದಕ್ಕೂ ಸಹಿ ಹಾಕಬೇಡಿರಿ. ಅವನು ಬಂದ ದಿನ, ಗಳಿಗೆ, ಆಡಿದ ಮಾತುಗಳನ್ನು ಓದುಬರಹ ಬಲ್ಲ ಮಕ್ಕಳಿಂದ ಬರೆಸಿಡಿರಿ. ಕಂತು ಕಟ್ಟಲಾಗದಿದ್ದರೆ ತಲೆ ಮರೆಸಿಕೊಳ್ಳದೆ ಅವಧಿ ಕೇಳಿ ಕಂಪನಿಗೆ ಅರ್ಜಿ ಬರೆಯಿರಿ.

ಇನ್ನು ಈ ಹೆಂಗಸರು ಅಲ್ಲಿಗೇ ಏಕೆ ಹೋಗುತ್ತಾರೆಂಬುದನ್ನೂ ನೋಡಬೇಕು. ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವು 1905ರಲ್ಲಿ ಹುಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. ಅಲ್ಲಿ ಸಾಲ ಪಡೆದವನು ಸಂಘದ ಸದಸ್ಯನೂ ಆಗಿದ್ದನು. ತನ್ನ ಸಂಘವೇ ತನ್ನ ಬಾಗಿಲಿಗೆ ಬಂದು ಬೈಯುವ ಸಂಭವವಿರಲಿಲ್ಲ. ಆದರೆ ಇಂದು ಸಂಘದ ಬೆಳೆಸಾಲಕ್ಕೆ ಪಹಣಿ ಬೇಕು. ಹೊಲ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುತ್ತದೆ. ಕೂಲಿಯವಳಿಗಂತೂ ಹೊಲವೇ ಇಲ್ಲ. ಮಗಳ ಬಾಣಂತನಕ್ಕೆ ಹತ್ತು ಸಾವಿರ ಬೇಕಾದಾಗ ಅವಳಿಗೆ ತೆರೆದಿರುವುದು ಕಂಪನಿಯ ಬಾಗಿಲೊಂದೇ. ಸಹಕಾರಿ ಧುರೀಣರು ಕಣಗಿನಹಾಳದ ಹೆಸರನ್ನು ಭಾಷಣಗಳಲ್ಲಿ ಸ್ಮರಿಸುವುದರ ಜೊತೆಗೆ ಈ ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಂಡು ಸಣ್ಣ ಸಾಲ ಕೊಡುವ ದಾರಿಯನ್ನು ಹುಡುಕಲಿ.

ಅದಕ್ಕೆ ಕಾಲ ಹಿಡಿಯಬಹುದು. ಈ ವಾರವೇ ಆಗಬಹುದಾದ ಕೆಲಸವೊಂದನ್ನು ಜಿಲ್ಲೆಯ ಅಧಿಕಾರಿಗಳಿಗೆ ಸೂಚಿಸುತ್ತೇವೆ. ಮೇಲೆ ಹೇಳಿದ ನಿಯಮಗಳನ್ನು ತಿಳಿಗನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ, ಮಾಗಡಿ ಮೊದಲ್ಗೊಂಡು ಪ್ರತಿಯೊಂದು ಊರಿನ ಪಂಚಾಯತಿ ಕಚೇರಿಗೂ ರೇಶನ್ ಅಂಗಡಿಗೂ ಗುಂಪಿನ ಹೆಂಗಸರು ಕೂಡುವ ಗುಡಿಯ ಕಟ್ಟೆಗೂ ಹಚ್ಚಿಸಲಿ. ಅದರ ಕೆಳಗೆ ಠಾಣೆಯ ಫೋನ್ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಲಿ.