ಎರಡನೇ ಪಟ್ಟಿ ಬೀಳದಿದ್ದರೆ ಮನೆಗೆ ನಡಿ!



ನಾಳೆ ಬೆಳಿಗ್ಗೆ ಆಫೀಸಿಗೋ ಕಾಲೇಜಿಗೋ ಹೋಗುವಾಗ ಗೇಟಿನ ಹತ್ತಿರ ಬೈಕು ನಿಲ್ಲಿಸಿ ಒಂದು ನಿಮಿಷ ನಿಲ್ಲಿ. ಅಲ್ಲಿ ದಿನವೂ ನಿಮಗೆ ಸೆಲ್ಯೂಟ್ ಹೊಡೆಯುವ ಸೆಕ್ಯುರಿಟಿಯವರು ಒಬ್ಬರಿದ್ದಾರಲ್ಲ? ಬೆನ್ನು ನೆಟ್ಟಗೆ, ಶೂ ಮಿರಮಿರ, ವಯಸ್ಸು ನಲವತ್ತರ ಆಚೀಚೆ. "ಅಣ್ಣಾ, ಮಿಲಿಟರಿಯಲ್ಲಿದ್ರಾ?" ಎಂದು ಕೇಳಿ. ಹೌದು ಎಂದರೆ ಇನ್ನೊಂದು ಪ್ರಶ್ನೆ ಕೇಳಿ. "ಇಷ್ಟು ಬೇಗ ಯಾಕೆ ಬಿಟ್ಟುಬಂದ್ರಿ?" ಅವರು ನಕ್ಕಾರು. ಯಾಕೆಂದರೆ ಅವರಾಗಿ ಬಿಟ್ಟು ಬಂದದ್ದಲ್ಲ, ಅವಧಿ ಮುಗಿಯಿತೆಂದು ಕಳಿಸಿದ್ದು.

ಸರ್ಕಾರಿ ನೌಕರಿ ಎಂದರೆ ಅರವತ್ತರವರೆಗೆ ಅಲುಗಾಡದ ಕುರ್ಚಿ ಎಂದುಕೊಂಡವರು ನಾವು. ಗುಮಾಸ್ತನಾಗಿ ಸೇರಿದವನು ಒಂದೂ ಬಡ್ತಿ ಕಾಣದೆ ಗುಮಾಸ್ತನಾಗಿಯೇ ಅರವತ್ತು ಮುಟ್ಟಿ, ಶಾಲು ಹೊದೆಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗಬಹುದು. ಸಿಪಾಯಿಗೆ ಆ ಭಾಗ್ಯವಿಲ್ಲ. ಸೈನ್ಯದಲ್ಲಿ ನೀನು ಎಷ್ಟು ವರ್ಷ ಇರಬೇಕೆಂದು ತೀರ್ಮಾನಿಸುವುದು ನಿನ್ನ ತೋಳಿನ ಪಟ್ಟಿ. 2022ಕ್ಕೆ ಮುಂಚೆ ಸೇರಿದವರ ಲೆಕ್ಕ ನೋಡಿ. ಬಹುಪಾಲು ಸಿಪಾಯಿಗಳಿಗೆ 17 ವರ್ಷ. ಎರಡು ಪಟ್ಟಿ ಬಿದ್ದು ನಾಯಕ್ ಆದರೆ 22. ಹವಾಲ್ದಾರನಾದರೆ 24, ನಾಯಬ್ ಸುಬೇದಾರನಾದರೆ 26, ಸುಬೇದಾರನಾದರೆ 28. ಮೇಲಿನವರು ಒಪ್ಪಿದರೆ, ದೇಹ ಗಟ್ಟಿಯಿದ್ದರೆ, ಇದರ ಮೇಲೆ ಎರಡು ವರ್ಷ ವಿಸ್ತರಣೆ. ಅಷ್ಟೇ. ಹತ್ತೊಂಬತ್ತಕ್ಕೆ ಸೇರಿದ ಹುಡುಗನಿಗೆ ಬಡ್ತಿ ಸಿಗದಿದ್ದರೆ ಮೂವತ್ತಾರಕ್ಕೆ ಟ್ರಂಕು ಕಟ್ಟಬೇಕು. ಆಗ ಮಗಳು ನಾಲ್ಕನೇ ಕ್ಲಾಸು, ಮಗ ಅಂಗನವಾಡಿ.

"ಹಾಗಾದರೆ ಬಡ್ತಿ ಪಡೆಯಬೇಕಪ್ಪ, ಸೋಮಾರಿಗಳಿಗೆ ಯಾರು ಕೊಡುತ್ತಾರೆ?" ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಅಲ್ಲಿ ಬಡ್ತಿ ಬರೀ ಪರೀಕ್ಷೆ ಪಾಸು ಮಾಡಿದರೆ ಸಿಗುವಂಥದ್ದಲ್ಲ. ಕೇಡರ್ ಪಾಸಾಗಬೇಕು, ಸೈನ್ಯದ ಶಿಕ್ಷಣ ಪ್ರಮಾಣಪತ್ರ ಇರಬೇಕು, ದಾಖಲೆಯಲ್ಲಿ ಕೆಂಪು ಶಾಯಿ ಬಿದ್ದಿರಬಾರದು, ವೈದ್ಯಕೀಯ ದರ್ಜೆ ಇಳಿದಿರಬಾರದು. ಇಷ್ಟೆಲ್ಲ ಇದ್ದರೂ ನಿಮ್ಮ ಪಾಳಿಗೆ ಜಾಗ ಖಾಲಿಯಿರಬೇಕು. ಸೈನ್ಯ ಗೋಪುರದ ಹಾಗೆ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು. ಅಡುಗೆಯವರು, ಕ್ಷೌರಿಕರು, ಅಗಸರು ಇಂಥ ಸಣ್ಣ ಟ್ರೇಡಿನಲ್ಲಿ ಇದ್ದವನಿಗೆ ಮೇಲಿನ ಜಾಗಗಳು ಇನ್ನೂ ಕಡಿಮೆ. ಮುಂದಿನವನು ನಿವೃತ್ತನಾಗುವ ಹೊತ್ತಿಗೆ ಹಿಂದಿನವನ ಗಡಿಯಾರ ನಿಂತಿರುತ್ತದೆ. ಹಿಮದಲ್ಲಿ ಪಹರೆ ಮಾಡಿ ಕಿವಿಯನ್ನೋ ಮೊಣಕಾಲನ್ನೋ ಕಳೆದುಕೊಂಡವನಿಗೆ ಆ ಮೊಣಕಾಲೇ ಬಡ್ತಿಗೆ ಅಡ್ಡಗಾಲು!

ಒಂದು ಮಾತು ಒಪ್ಪಿಕೊಳ್ಳೋಣ. ಈ ಮಿತಿ ಸುಮ್ಮನೆ ಹುಟ್ಟಿದ್ದಲ್ಲ. ಐವತ್ತು ವರ್ಷದ ಸಿಪಾಯಿಯನ್ನು ಬೆನ್ನಿಗೆ ಮೂಟೆ ಹೊರಿಸಿ ಕಾರ್ಗಿಲ್ ಬೆಟ್ಟ ಹತ್ತಿಸಲಾಗದು. ಹಳಬರು ಹೊರಡದೆ ಹೊಸಬರಿಗೆ ಜಾಗವಿಲ್ಲ. ಪ್ರಪಂಚದ ಬೇರೆ ಸೈನ್ಯಗಳಲ್ಲೂ ಇಂಥ ನಿಯಮವಿದೆ. ಅಮೆರಿಕದಲ್ಲಿ ಪ್ರತಿ ದರ್ಜೆಗೂ ಇಂತಿಷ್ಟು ವರ್ಷ ಎಂದು ಗೆರೆ ಎಳೆದಿದ್ದಾರೆ. ಅಷ್ಟರೊಳಗೆ ಮೇಲೇರು, ಇಲ್ಲವೇ ಹೊರಡು. ಆದರೆ 2022ರ ಡಿಸೆಂಬರಿನಲ್ಲಿ, ಸೇರಲು ಹುಡುಗರು ಸಾಲದೆ ಬಂದಾಗ, ಅದೇ ಅಮೆರಿಕದ ನೌಕಾಪಡೆ ಆ ಗೆರೆಯನ್ನು ಸಡಿಲಿಸುವುದಾಗಿ ಘೋಷಿಸಿತು. ನಿನ್ನೆಯವರೆಗೆ ಹೊರಡು ಎಂದವರು ಇವತ್ತು ಇನ್ನೂ ಸ್ವಲ್ಪ ಇರಪ್ಪ ಎಂದರು. ಅಂದರೆ ಇದು ಬ್ರಹ್ಮಲಿಖಿತವೇನಲ್ಲ. ಆಳುವವರಿಗೆ ಬೇಕಾದಾಗ ಬಾಗುತ್ತದೆ.

ನಮ್ಮಲ್ಲಿ ಯಾರಿಗೆ ಬಾಗುತ್ತದೆ ನೋಡಿ. 2004ರ ಡಿಸೆಂಬರಿನಲ್ಲಿ ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸಿನಂತೆ ಅಧಿಕಾರಿಗಳ ಬಡ್ತಿ ನಿಯಮ ಬದಲಾಯಿತು. ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್. ಇದೆಲ್ಲ ಸೇವೆಯ ವರ್ಷದ ಲೆಕ್ಕ, ಖಾಲಿ ಜಾಗ ಕಾಯಬೇಕಿಲ್ಲ. ಮುಂದೆ ಆಯ್ಕೆ ಮಂಡಳಿ ಕೈಬಿಟ್ಟರೂ ಕಾಯಂ ಕಮಿಷನ್ ಪಡೆದ ಅಧಿಕಾರಿ ಸಾಮಾನ್ಯವಾಗಿ 54ರವರೆಗೆ ಇರಬಹುದು. 26 ವರ್ಷ ಆದರೆ ಕಾಲಮಾನದ ಮೇಲೆ ಕರ್ನಲ್ ಕೂಡ ಆಗಬಹುದು. ಅಧಿಕಾರಿಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರೂ ಗುಂಡಿಗೆ ಎದೆಯೊಡ್ಡುವವರೇ. ಆದರೆ ಸಿಪಾಯಿಗೆ ಕೊಟ್ಟದ್ದೇನು? 8, 16, 24 ವರ್ಷಕ್ಕೆ ಸಂಬಳದ ಮೆಟ್ಟಿಲು ಏರಿಸಿದರು. ಸಂಬಳ ನಾಯಕ್‌ನದಾಗಬಹುದು, ಉಳಿಯುವ ವರ್ಷ ಮಾತ್ರ ಸಿಪಾಯಿಯದೇ. ಒಂದೇ ಸೈನ್ಯ, ಒಂದೇ ಬಂಕರು. ಮೇಲೇರದ ಒಬ್ಬನಿಗೆ 54, ಮೇಲೇರದ ಇನ್ನೊಬ್ಬನಿಗೆ 36!

ಕಾರ್ಯಪ್ಪ, ತಿಮ್ಮಯ್ಯ ಎಂದು ಎದೆ ತಟ್ಟಿಕೊಳ್ಳುವ ನಾವು ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ನೆನೆಯೋಣ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿ, ಉಸಿರಿಟ್ಟುಕೊಂಡೇ ಹೊರಬಂದು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಕನ್ನಡದ ಯೋಧ. ದೇಶವೇ ಅತ್ತಿತು. ಆಗ ಅವರ ವಯಸ್ಸು 33, ಸೇವೆ 13 ವರ್ಷ. ಅದರಲ್ಲಿ 10 ವರ್ಷ ಕಳೆದದ್ದು ಕಷ್ಟದ ಜಾಗಗಳಲ್ಲಿ. ಹುದ್ದೆ ಲಾನ್ಸ್ ನಾಯಕ್, ತೋಳಿಗೆ ಒಂದೇ ಪಟ್ಟಿ. ಅವರು ಸೇರಿದ್ದು 2002ರಲ್ಲಿ. ಬದುಕಿ ಉಳಿದು, ಎರಡನೇ ಪಟ್ಟಿಯೂ ವಿಸ್ತರಣೆಯೂ ಸಿಗದೆ ಹೋಗಿದ್ದರೆ 2019ಕ್ಕೆ ಅವರ 17 ವರ್ಷ ತುಂಬುತ್ತಿತ್ತು. ಆಮೇಲೆ ಹುಬ್ಬಳ್ಳಿಯ ಯಾವುದೋ ಎಟಿಎಂ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ಒಬ್ಬ ಹನುಮಂತಪ್ಪರನ್ನು ನಾವು ಯಾರಾದರೂ ಗುರುತು ಹಿಡಿಯುತ್ತಿದ್ದೆವಾ?

ಪಿಂಚಣಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. 15 ವರ್ಷ ಮುಗಿಸಿದವನಿಗೆ ಕೊನೆಯ ಸಂಬಳದ ಅರ್ಧ. ಖರ್ಚು ಏರುವ ವಯಸ್ಸಿನಲ್ಲಿ ಸಂಬಳ ಅರ್ಧವಾದರೆ ಮನೆ ಹೇಗೆ ನಡೆಯುತ್ತದೆಂದು ನಿಮ್ಮ ಅಮ್ಮನನ್ನು ಕೇಳಿ. ಕೇಂದ್ರದ ಸಿ ಗುಂಪಿನ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡ 10, ಸರ್ಕಾರಿ ಬ್ಯಾಂಕುಗಳಲ್ಲಿ ಶೇಕಡ 14.5 ಎಂದು ಪಾಲಿದೆ. ಕಾಗದದ ಮೇಲೆ. ಆ ಪಾಲು ಪೂರ್ತಿ ತುಂಬುವುದಿಲ್ಲ ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಹದಿನೇಳು ವರ್ಷ ಬಂದೂಕು ಹಿಡಿದವನು ಈಗ ತಾನೇ ಡಿಗ್ರಿ ಮುಗಿಸಿದ ಹುಡುಗರ ಪಕ್ಕ ಕೂತು ಬಡ್ಡಿ ಲೆಕ್ಕ ಬಿಡಿಸಬೇಕು.

ದಾರಿ ಇರಲಿಲ್ಲವೇ? ಇತ್ತು. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಸ್ಪಷ್ಟವಾಗಿ ಬರೆಯಿತು. 17 ವರ್ಷವನ್ನು 7ರಿಂದ 10ಕ್ಕೆ ಇಳಿಸಿ, ಆಮೇಲೆ ಅವರನ್ನು ಅರೆಸೇನಾ ಪಡೆಗಳಿಗೆ ಕಳಿಸಿ ಎಂದು. 2008ರಲ್ಲಿ ಆರನೇ ವೇತನ ಆಯೋಗವೂ ಸೈನಿಕರನ್ನು ಆ ಪಡೆಗಳಿಗೆ ನೇರವಾಗಿ ದಾಟಿಸಿ ಎಂದಿತು. ಎಷ್ಟು ಸರಳ! ಸೈನ್ಯಕ್ಕೆ ಯೌವನ, ಸಿಪಾಯಿಗೆ ಅನ್ನ, ಸರ್ಕಾರಕ್ಕೆ ತರಬೇತಿ ಖರ್ಚಿನ ಉಳಿತಾಯ. ಆದರೆ ಒಂದು ಇಲಾಖೆಯ ಆಳನ್ನು ಇನ್ನೊಂದು ಇಲಾಖೆ ಕರೆದುಕೊಳ್ಳಬೇಕಲ್ಲ. ಕಡತ ಮಲಗಿತು.

2022ರ ಜೂನಿನಲ್ಲಿ ಎದ್ದಿತು, ಅರ್ಧ ಮಾತ್ರ. ಅಗ್ನಿಪಥ ಬಂತು. ಅವಧಿ ನಾಲ್ಕೇ ವರ್ಷ. ಸಮಿತಿ ಹೇಳಿದ ಏಳೂ ಅಲ್ಲ. ನಾಲ್ಕು ವರ್ಷವೂ ಅಗ್ನಿವೀರ ಅಗ್ನಿವೀರನೇ, ಪಟ್ಟಿಯ ಮಾತೇ ಇಲ್ಲ. ಕೊನೆಗೆ ನೂರಕ್ಕೆ ಹೆಚ್ಚೆಂದರೆ 25 ಮಂದಿ ಒಳಗೆ, ಉಳಿದವರು ಹೊರಗೆ. ಪಿಂಚಣಿ ಇಲ್ಲ. ಸುಮಾರು 11.71 ಲಕ್ಷ ರೂಪಾಯಿ ಗಂಟು. ಅದಕ್ಕೂ ಅರ್ಧ ಅವನ ಸಂಬಳದಿಂದಲೇ ಹಿಡಿದದ್ದು. ಅರೆಸೇನಾ ಪಡೆಗಳಿಗೆ ದಾಟಿಸುವ ಮಾತು ಏನಾಯಿತು? ಶೇಕಡ 10ರ ಮೀಸಲು ಎಂದು ಆಗ ಘೋಷಿಸಿದರು. ಮೀಸಲು ಅಂದರೆ ಮತ್ತೆ ಅರ್ಜಿ, ಮತ್ತೆ ಸಾಲು. ವರ್ಗಾವಣೆ ಅಂದರೆ ಸೋಮವಾರ ಇಲ್ಲಿ ಸಹಿ, ಮಂಗಳವಾರ ಅಲ್ಲಿ ಸಹಿ. ಸಮಿತಿ ಕೇಳಿದ್ದು ಎರಡನೆಯದನ್ನು.

ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂದು ಸೈನ್ಯ 2025ರಲ್ಲಿ 13 ಭಾಷೆಗಳ ಪಟ್ಟಿ ಕೊಟ್ಟಿತು. ಸಂತೋಷ. ಒಳಗೆ ಕರೆಯುವಾಗ ಕನ್ನಡ ಬಂತು. ಹೊರಗೆ ಕಳಿಸುವಾಗ ಏನು ಕೊಡುತ್ತೀರಿ ಎಂದು ಅದೇ ಕನ್ನಡದಲ್ಲಿ ನಮ್ಮ ಸಂಸದರನ್ನು ಕೇಳಬೇಡವೇ? ಗೆದ್ದು ದೆಹಲಿಗೆ ಹೋದವರಲ್ಲಿ ಒಬ್ಬರಾದರೂ ಎದ್ದು ನಿಂತು ಈ ವರ್ಗಾವಣೆಯ ಕಡತ ಎಲ್ಲಿದೆ ಎಂದು ಕೇಳಲಿ. ಸಿಪಾಯಿಯ 17 ವರ್ಷಕ್ಕೂ ಅಧಿಕಾರಿಯ 54ಕ್ಕೂ ನಡುವಿನ ಅಂತರಕ್ಕೆ ಕಾರಣ ಕೊಡಿ ಎಂದು ಕೇಳಲಿ.

ನೀವು ಮಾಡುವುದೂ ಇದೆ. ಬೆಳಗಾವಿ, ಗದಗ, ಹಾವೇರಿ ಕಡೆ ನಿಮ್ಮ ಚಿಕ್ಕಪ್ಪನ ಮಗ ಬೆಳಗಿನ ಜಾವ ರಸ್ತೆಯಲ್ಲಿ 1.6 ಕಿಲೋಮೀಟರ್ ಓಟಕ್ಕೆ ತಾಲೀಮು ಮಾಡುತ್ತಿರಬಹುದು. ಓಡಬೇಡ ಎನ್ನಬೇಡಿ. ನಾಲ್ಕು ವರ್ಷದ ಲೆಕ್ಕ ತಿಳಿಸಿ, ಒಳಗಿದ್ದಾಗಲೇ ಒಂದು ಡಿಗ್ರಿಯೋ ಡಿಪ್ಲೊಮಾವೋ ಕೈಲಿರಲಿ ಎನ್ನಿ. ನಿಮ್ಮ ಕಂಪನಿಯಲ್ಲಿ ಸ್ಟೋರ್ಸ್, ಗಾಡಿ, ಕಟ್ಟಡ ನೋಡಿಕೊಳ್ಳುವ ಕೆಲಸ ಖಾಲಿಯಾದರೆ ಗೇಟಿನಲ್ಲಿರುವ ಅಣ್ಣನಿಗೆ ಮೊದಲು ಹೇಳಿ. ಲೇಹ್‌ಗೆ ರೇಷನ್ ಸಾಗಿಸಿದವನಿಗೆ ನಿಮ್ಮ ಗೋದಾಮಿನ ಲೆಕ್ಕ ದೊಡ್ಡದೇನಲ್ಲ.

ಅಗ್ನಿವೀರರ ಮೊದಲ ತಂಡ ತರಬೇತಿಗೆ ಹೋದದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರಿಗೆ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭಕ್ಕೆ. ಆಗ ಅವರಲ್ಲಿ ಬಹಳ ಮಂದಿಗೆ ಇಪ್ಪತ್ತೈದೂ ಆಗಿರುವುದಿಲ್ಲ.